ಗಣಿಬಾಯಿಯಲ್ಲಿ ಉಳಿದ ನಾಲ್ಕನೇ ಕಲ್ಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಮೂವತ್ತೆರಡನೇ ವಯಸ್ಸಿಗೆ ಹತ್ತನೇ ತರಗತಿ ಪಾಸಾದೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದಿ, ಬೇಸರ ಮಾಡಿಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಗಾಳಿ ಎಂದರೆ ನಗುವವರ ಪೈಕಿ ನಾನು. ಕುರುಗೋಡಿನಲ್ಲಿ ನಮ್ಮದು ಕಲ್ಲುಕೆಲಸದ ಮನೆ. ಬಾವಿ ತೋಡುವ ಅಪ್ಪನದೊಂದು ಪದ್ಧತಿ ಇತ್ತು. ಒಳಗೆ ಇಳಿಯುವ ಪ್ರತಿಯೊಬ್ಬನೂ ದಡದ ಮೇಲೆ ಕೈಯಾರೆ ಒಂದು ಕಲ್ಲು ಇಡಬೇಕು. ಮೇಲೆ ಬಂದಮೇಲೆ ತನ್ನ ಕಲ್ಲನ್ನು ತಾನೇ ತೆಗೆದು ಹಿಂದಕ್ಕೆ ಎಸೆಯಬೇಕು. ಇನ್ನೊಬ್ಬರ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. "ಕಲ್ಲೈತಿ ಅಂದ್ರ ಒಳಗ ಮನುಷ್ಯಾ ಅದಾನ" ಎನ್ನುತ್ತಿದ್ದ ಅಪ್ಪ. ನಾಲ್ಕಕ್ಷರ ಕಲಿತ ಮೇಲೆ ಇದು ಎಣಿಸಲು ಬಾರದವರು ಮಾಡಿಕೊಂಡ ಉಪಾಯ, ಅಷ್ಟೇ ಎಂದುಕೊಂಡಿದ್ದೆ. ಕೈ ಮಾತ್ರ ರೂಢಿ ಬಿಟ್ಟಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಬಳ್ಳಾರಿ ಊರಾಚೆ ಗುಡ್ಡದಲ್ಲಿ ಹಳೇ ತಾಮ್ರದ ಗಣಿಯ ಬಾಯಿಯೊಂದಿತ್ತು. ಆಡುಗಳು ಬಿದ್ದು ಸಾಯುತ್ತವೆಂದು ಅದಕ್ಕೆ ಗೋಡೆ ಕಟ್ಟಿ ಮುಚ್ಚುವ ಕೆಲಸ ನಮ್ಮ ಮೇಸ್ತ್ರಿಗೆ ಸಿಕ್ಕಿತು. ಗೋಡೆ ಕಟ್ಟುವವನು ನಾನು, ಕಲ್ಲು ಕೊಡುವವನು ಹುಲುಗಪ್ಪ. ಅವನಿಗೆ ಐವತ್ತು ದಾಟಿತ್ತು. ಮುಚ್ಚುವ ಮೊದಲು ಒಳಗಿನ ನಕ್ಷೆ ಬರೆದುಕೊಳ್ಳಲು ಕಾಲೇಜಿನ ಭೂವಿಜ್ಞಾನದ ಮೇಡಂ ಒಬ್ಬರು ಬಂದಿದ್ದರು.

ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗುಡ್ಡ ಹತ್ತಿದೆವು. ಮೂರು ಜನ ಒಳಗೆ ಹೋಗುವವರಿದ್ದೆವು. ಬಾಯಿಯ ಪಕ್ಕದ ಕಟ್ಟೆಯಂಥ ಬಂಡೆಯ ಮೇಲೆ ನಾನು, ಹುಲುಗಪ್ಪ ಕಲ್ಲು ಇಟ್ಟೆವು. ಮೇಡಂ ನಕ್ಕು, "ನಂದೂ ಒಂದು ಹಾಜರಿ ಹಾಕ್ಕೊಳ್ರಿ" ಎಂದು ಒಂದು ಇಟ್ಟರು. ಮೂರು ಕಲ್ಲು. ಮೇಸ್ತ್ರಿ ಸ್ವಲ್ಪ ಕೆಳಗೆ ಜಾಲಿ ನೆರಳಲ್ಲಿ ಸಿಮೆಂಟು ಕಲಸಲು ಕೂತ.

ಒಳಗೆ ಬಗ್ಗಿಯೇ ನಡೆಯಬೇಕು. ಹತ್ತು ಹೆಜ್ಜೆಗೆ ಹಗಲು ಮುಗಿಯುತ್ತದೆ. ಮೇಡಂ ಟಾರ್ಚು ಹಿಡಿದು ಹೇಳುತ್ತಾ ಹೋದರು. ಕುರುಗೋಡಿನದು, ಬಳ್ಳಾರಿ ಕೋಟೆ ಗುಡ್ಡದ್ದು ಗ್ರಾನೈಟಂತೆ. ಈ ಗುಡ್ಡ ಅದಕ್ಕಿಂತ ಹಳೆಯದಂತೆ. ಹರಿದ ಲಾವಾ ಗಟ್ಟಿಯಾಗಿ, ಭೂಮಿಯ ಒತ್ತಡಕ್ಕೆ ರೊಟ್ಟಿಯಂತೆ ಮಡಿಚಿಕೊಂಡಿದೆ. ಆಮೇಲೆ ಬಿರುಕುಗಳಲ್ಲಿ ಬಿಸಿನೀರು ಏರಿ ಬೆಣಚುಕಲ್ಲಿನ ಬಿಳಿ ಎಳೆ ಕೂತಿದೆ. ತಾಮ್ರ ಇದ್ದದ್ದು ಆ ಎಳೆಯಲ್ಲಿ. ಗೋಡೆಯ ಮೇಲೆ ಪಾಚಿಯಂಥ ಹಸಿರು ಕಂಡೆ, ಉಜ್ಜಿದರೆ ಹೋಗಲಿಲ್ಲ. ಅದು ತಾಮ್ರದ ಕಿಲುಬು. ತೋಡಿದವರು ಎಳೆ ಹೋದಲ್ಲಿ ಹೋಗಿದ್ದಾರೆ, ಅದು ಬಾಗಿದಲ್ಲಿ ಬಾಗಿದ್ದಾರೆ. ಉಳಿಯ ಗೆರೆಗಳು ನಿನ್ನೆ ಹೊಡೆದ ಹಾಗಿದ್ದವು.

"ಯಾವ ಕಾಲದ್ದ್ರೀ ಇದು? ನವಾಬರ ಕಾಲದ್ದು ಅಂತಾರ" ಎಂದೆ.

"ಅಂತಾರ, ಪುರಾವಿ ಇಲ್ಲ. ಯಾರು ತೋಡಿದ್ರು, ಯಾಕ ಬಿಟ್ಟು ಹೋದ್ರು, ಎಲ್ಲೂ ಬರದಿಟ್ಟಿಲ್ಲ" ಎಂದರು.

ಕೊನೆಯವರೆಗೆ ಹೋಗಿ, ಅಳೆದು, ಮೂವರೂ ಹೊರಗೆ ಬಂದೆವು. ಮೂವರೂ ನಮ್ಮ ನಮ್ಮ ಕಲ್ಲು ಎಸೆದೆವು. ಬಂಡೆಯ ಮೇಲೆ ಇನ್ನೊಂದು ಕಲ್ಲು ಉಳಿದಿತ್ತು.

ಮುಷ್ಟಿಯಷ್ಟು ಗಾತ್ರ, ಮೈಯೆಲ್ಲಾ ಹಸಿರು. ಅಂಥ ಕಲ್ಲು ಹೊರಗೆಲ್ಲೂ ಇರಲಿಲ್ಲ. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತು, ಬಂಡೆ ಕಾದ ಹೆಂಚಿನಂತಿತ್ತು. ಆ ಕಲ್ಲಿನ ಅಡಿಯಲ್ಲಿ ಮಾತ್ರ ಒದ್ದೆ.

"ಯಾರ್ಲೇ ಚಾಷ್ಟಿ ಮಾಡಿದೋರು?" ಎಂದು ಹುಲುಗಪ್ಪನನ್ನು ಕೇಳಿದೆ.

"ನಿನ್ನ ಮುಂದಽ ಇದ್ನಲ್ಲೋ, ನನಗೇನು ನಾಕು ಕೈ ಅದಾವೇನು?" ಎಂದ. ಮುಖ ಬೆವರಿತ್ತು.

ಮೇಸ್ತ್ರಿ ಹತ್ತಿ ಬಂದ. "ಏಮಯ್ಯಾ, ಸಾಲಿ ಕಲ್ತು ಕಲ್ಲು ಎಣಿಸ್ತೀಯಾ? ಕಲಸಿದ ಸಿಮೆಂಟು ನಿನ್ನ ಸಲುವಾಗಿ ಕಾಯ್ತೈತಾ? ಅದನ್ನ ಒಗದು ಗ್ವಾಡಿ ಎಬ್ಬಿಸು" ಎಂದು ಕೈ ಚಾಚಿದ. ನಾನು ಅವನ ಕೈ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಆದರೆ ಒಳಗೆ ಮನುಷ್ಯನಿರುವಾಗ ಗೋಡೆ ಕಟ್ಟುವುದು ನನ್ನಿಂದ ಆಗದು. ಕುರಿಯವನೋ ಕುಡುಕನೋ ನಮಗೆ ಕಾಣದಂತೆ ಒಳಗೆ ಹೊಕ್ಕಿರಬಹುದಲ್ಲ?

"ಇನ್ನೊಮ್ಮಿ ನೋಡಿ ಬರ್ತೀನಿ. ಆಮ್ಯಾಲೆ ಕಟ್ತೀನಿ" ಎಂದೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಆ ಕಲ್ಲಿನ ಪಕ್ಕ ನನ್ನದೊಂದು ಕಲ್ಲಿಟ್ಟು ಒಬ್ಬನೇ ಹೋದೆ. ಸುತ್ತಿಗೆಯಿಂದ ಗೋಡೆ ಬಡಿಯುತ್ತಾ ನಡೆದೆ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಕೊನೆಗೆ ಸ್ವಲ್ಪ ಮೊದಲು ಒಂದು ಕಡೆ ಬದ್ ಎಂದಿತು. ನೋಡಿದರೆ ಅದು ಬಂಡೆಯಲ್ಲ, ಯಾರೋ ಒಳಗಿನ ಕಲ್ಲುಗಳನ್ನೇ ಒತ್ತಿ ಪೇರಿಸಿದ್ದರು. ಎಳೆ ಮುಗಿದ ಕವಲನ್ನು ಹಿಂದಿನವರು ಹೀಗೆ ತುಂಬಿಬಿಡುತ್ತಿದ್ದರೆಂದು ಮೇಡಂ ಆಮೇಲೆ ಹೇಳಿದರು. ಮೇಲಿನ ನಾಲ್ಕು ಕಲ್ಲು ತೆಗೆದೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಟಾರ್ಚಿನ ಬೆಳಕಿಗೆ ತುದಿ ಸಿಗಲಿಲ್ಲ.

"ಯಾರರ ಅದೀರೇನ್ರಿ?" ಎಂದು ಕೂಗಿದೆ. ಸ್ವಲ್ಪ ಹೊತ್ತು ಕಾದೆ. ನಾಚಿಕೆಯಾದರೂ ಹೇಳಿದೆ: "ಬಾಯಿ ಮುಚ್ಚಾಕ ಬಂದೀವ್ರಿ. ನಾ ಹೊರಗ ಹೊಂಟೀನಿ, ನನ್ನ ಹಿಂದ ಬರ್ರಿ." ಹಿಂತಿರುಗಿ ನೋಡದೆ ನಡೆದೆ. ನನ್ನ ಹೆಜ್ಜೆಯದೊಂದೇ ಸಪ್ಪಳ.

ಹೊರಗೆ ಬಂದು ನೋಡಿದರೆ ಬಂಡೆಯ ಮೇಲೆ ಇದ್ದದ್ದು ಒಂದೇ ಕಲ್ಲು. ನನ್ನದು. ಹಸಿರು ಕಲ್ಲು ಇರಲಿಲ್ಲ.

ಮೇಡಂ ಎದುರಿಗೇ ಕೂತು ಗಣಿಬಾಯಿಯ ಚಿತ್ರ ಬರೆಯುತ್ತಿದ್ದರು. ಪುಸ್ತಕ ಇಸಿದುಕೊಂಡು ನೋಡಿದೆ. ಚಿತ್ರದಲ್ಲಿ ಬಂಡೆಯ ಮೇಲೆ ಎರಡು ಕಲ್ಲು ಸ್ಪಷ್ಟವಾಗಿದ್ದವು. "ತಲಿ ಬಗ್ಗಿಸಿ ಬರೀತಿದ್ದೆ. ಈಗ ತಾನೇ ಇತ್ತಲ್ಲ" ಎಂದರು ಮೆಲ್ಲಗೆ. ನನ್ನ ಹಗ್ಗದ ತುದಿ ಹಿಡಿದು ನಿಂತಿದ್ದ ಹುಲುಗಪ್ಪ ಜಾಗ ಬಿಟ್ಟು ಅಲುಗಿರಲಿಲ್ಲ. ಮೇಸ್ತ್ರಿ ಒಂದು ಸಲ ಅವಸರ ಮಾಡಲು ಬಂದು ಹೋಗಿದ್ದನಂತೆ. ಕೇಳಿದ್ದಕ್ಕೆ, "ನನ್ನ ಮಗಳಾಣೆ, ಮುಟ್ಟಿಲ್ಲಪಾ" ಎಂದ. ಅವನ ದನಿಯಲ್ಲಿ ಆಗ ದಬಾಯಿಸುವುದಿರಲಿಲ್ಲ.

ನಾನು ಅಷ್ಟಕ್ಕೇ ಬಿಡಲಿಲ್ಲ. ಮೇಡಂ ಮತ್ತೆ ತಮ್ಮದೊಂದು ಕಲ್ಲಿಟ್ಟರು, ಅವರ ಜೊತೆ ಮೂರನೇ ಸಲ ಒಳಗೆ ಹೋದೆ. ಪೇರಿಸಿದ ಕಲ್ಲನ್ನೆಲ್ಲ ತೆಗೆದು, ಮೈ ತೂರುವಷ್ಟು ಜಾಗದಲ್ಲಿ ತೆವಳಿದೆ. ಐದಾರು ಮಾರು ದಾಟಿ, ಒಂದು ತಿರುವು ಕಳೆದ ಮೇಲೆ ಬಂಡೆ ಅಡ್ಡ ಬಂತು. ಯಾರೂ ಇರಲಿಲ್ಲ. ಮನುಷ್ಯನ ಒಂದು ಗುರುತೂ ಇರಲಿಲ್ಲ. ಹೊರಗೆ ಬಂದು ಇಬ್ಬರೂ ನಮ್ಮ ನಮ್ಮ ಕಲ್ಲು ಎಸೆದೆವು. ಮೊದಲು ಕಲಸಿದ ಸಿಮೆಂಟು ಗಟ್ಟಿಯಾಗಿ ಹಾಳಾಯಿತು. ಮೇಸ್ತ್ರಿ ಬೈಯದೆ ಇನ್ನೊಮ್ಮೆ ಕಲಸಿದ. ಸಂಜೆಯೊಳಗೆ ಗೋಡೆ ಎಬ್ಬಿಸಿದೆ. ಬಲಗಡೆ, ಆ ಬಂಡೆಯ ಮಟ್ಟದಲ್ಲಿ, ಒಂದು ಕಲ್ಲಿನಷ್ಟು ಕಿಂಡಿ ಮಾತ್ರ ಬಿಟ್ಟೆ. ಒಳಗಿನಿಂದ ಕೈ ಚಾಚಿದರೆ ಬಂಡೆ ಎಟುಕಬೇಕು, ಅಷ್ಟು.

ಆಮೇಲೆ ಸುತ್ತಲಿನ ಊರುಗಳಲ್ಲಿ, ಕುರಿಹಟ್ಟಿಗಳಲ್ಲಿ ವಿಚಾರಿಸಿದೆ. ಯಾರೂ ಕಾಣೆಯಾಗಿರಲಿಲ್ಲ. ಈಗ ನಾನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೇನೆ. ದೆವ್ವ ಎಂದರೆ ಈಗಲೂ ನಂಬುವುದಿಲ್ಲ. ಆದರೆ ಅಪ್ಪನ ಲೆಕ್ಕದಲ್ಲಿ ಕಲ್ಲು ಇಲ್ಲವಾಗುವುದು ಎರಡೇ ರೀತಿ. ಇಟ್ಟವನು ಹೊರಗೆ ಬಂದು ತಾನೇ ಎಸೆದಿರಬೇಕು, ಇಲ್ಲವೇ ಅವನು ಒಳಗಿರುವಾಗಲೇ ಬೇರೆಯವರು ಎಸೆದಿರಬೇಕು. ಅಂದು ನಾನು ಒಬ್ಬನನ್ನು ಹೊರಗೆ ಕರೆತಂದೆನೋ, ಒಳಗಿಟ್ಟು ಗೋಡೆ ಕಟ್ಟಿದೆನೋ, ಇಂದಿಗೂ ತಿಳಿಯದು.

ಬಾವಿ, ಸುರಂಗ, ಕ್ವಾರಿಗಳಲ್ಲಿ ದುಡಿದವರು ನಿಮ್ಮಲ್ಲಿರಬಹುದು. ಒಳಗೆ ಹೋದವರ, ಹೊರಗೆ ಬಂದವರ ಲೆಕ್ಕ ನಿಮಗೆ ಎಂದಾದರೂ ತಪ್ಪಿದೆಯೇ? ತಪ್ಪಿದ್ದರೆ ನೀವು ಏನು ಮಾಡಿದಿರಿ? ದಯವಿಟ್ಟು ಬರೆಯಿರಿ. ವರ್ಷಕ್ಕೊಮ್ಮೆ ನಾನು ಆ ಗುಡ್ಡ ಹತ್ತಿ ಕಿಂಡಿಯ ಹತ್ತಿರ ನಿಂತು ಬರುತ್ತೇನೆ. ಬಂಡೆ ಖಾಲಿಯೇ ಇರುತ್ತದೆ. ಕೈ ಇಟ್ಟು ನೋಡುತ್ತೇನೆ, ಒಂದು ಮುಷ್ಟಿಯಷ್ಟು ಜಾಗ ಮಾತ್ರ ತಣ್ಣಗಿರುತ್ತದೆ.