ತುಳಸಿಯ ಕೆಳಗಿನ ಕಲ್ಲು

ಒಂದು ಮಗುವಿನ ಸಮಾಧಿಯ ಕಲ್ಲನ್ನು ನಾನು ಹನ್ನೊಂದು ವರ್ಷ ಬಚ್ಚಿಟ್ಟುಕೊಂಡಿದ್ದೆ. ಅದನ್ನು ಹುಡುಕಿಕೊಂಡು ನಮ್ಮ ಹಿತ್ತಲಿಗೇ ಬಂದ ಮುದುಕಿಯೊಬ್ಬರಿಗೆ, ಆ ಕಲ್ಲಿನಿಂದ ಎರಡು ಮಾರು ದೂರದಲ್ಲಿ ನಿಂತುಕೊಂಡು, ಇಲ್ಲ, ಇಲ್ಲಿ ಅಂಥದ್ದೇನೂ ಸಿಕ್ಕಿಲ್ಲ ಎಂದೆ. ನಾಲಿಗೆ ತೊದಲಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಕೂಡ ಅಲುಗಲಿಲ್ಲ. ನಾನು ಮಾಡಿದ ತಪ್ಪು ಇಷ್ಟೇ — ಉಳಿದದ್ದೆಲ್ಲ ಅದರ ಸುತ್ತಮುತ್ತಲಿನ ಮಾತು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಮುದುಕಿಗಾಗಲಿ ಅವರ ಮನೆಯವರಿಗಾಗಲಿ ಗೊತ್ತಿಲ್ಲದ ಭಾಷೆ. ಇದೂ ಒಂದು ಬಗೆಯ ಹೇಡಿತನವೇ ಎಂದು ನನಗೆ ಗೊತ್ತು. ಆದರೆ ಶನಿವಾರ ಅವರ ಮೊಮ್ಮಗಳು ಬರುತ್ತಾಳೆ. ಅವಳ ಮುಂದೆ ಹೇಳುವುದಕ್ಕೆ ಮೊದಲು ಒಂದು ಸಲ ಇಲ್ಲಿ, ನನ್ನ ಮಾತಿನಲ್ಲಿ, ಹೇಳಿ ನೋಡಿಕೊಳ್ಳಬೇಕು.

ನಾನು ಬ್ಲೌಸ್ ಹೊಲಿಯುವವಳು. ನಾವಿರುವ ಎಡಿಸನ್ ಊರಿನ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಯಾರು ಎಷ್ಟು ದಪ್ಪಗಾದರು ಎಂದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಮ್ಮ ಮನೆಯವರು, ಶ್ರೀಧರ, ಕೆಲಸಕ್ಕೆ ದಿನಾ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುತ್ತಾರೆ. ಒಬ್ಬ ಮಗ, ಈಗ ಕಾಲೇಜಿನಲ್ಲಿದ್ದಾನೆ. ನಮ್ಮ ಬೀದಿಯ ಮನೆಗಳೆಲ್ಲ ಒಂದು ಕಾಲದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲದ ಮೇಲೆ ಎದ್ದವು ಎಂದು ಮನೆ ಕೊಳ್ಳುವಾಗ ಯಾರೋ ಹೇಳಿದ್ದರು. ನಾವು ತಲೆಯಾಡಿಸಿ, ಸ್ಕೂಲು ಹೇಗಿದೆ ಎಂದು ಕೇಳಿದ್ದೆವು.

ಹನ್ನೊಂದು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಹೀರೆಬಳ್ಳಿಯ ಚಪ್ಪರಕ್ಕೆ ಗೂಟ ನೆಡಲು ಬೇಲಿಯ ಹತ್ತಿರ ಅಗೆಯುತ್ತಿದ್ದೆ. ಸಲಿಕೆ ಕಲ್ಲಿಗೆ ತಾಗಿತು. ಚಪಾತಿ ಮಣೆಗಿಂತ ಸ್ವಲ್ಪ ದೊಡ್ಡದಾದ ಕಂದು ಬಣ್ಣದ ಚೌಕಾಕಾರದ ಚಪ್ಪಟೆ ಕಲ್ಲು. ತುಳಸಿ ಕುಂಡ ಇಡಲು ಹೇಳಿ ಮಾಡಿಸಿದ ಹಾಗಿದೆ ಎಂದು ಖುಷಿಯಾಗಿ, ಪೈಪಿನ ನೀರು ಹಾಯಿಸಿ ತೊಳೆದೆ. ಮಣ್ಣು ಕರಗಿದ ಹಾಗೆ ಅಕ್ಷರಗಳು ಕಂಡವು. ಸೊಟ್ಟ ಸೊಟ್ಟಗೆ, ಕಲ್ಲು ಕೆತ್ತಿ ಅಭ್ಯಾಸವಿಲ್ಲದವರು ಕೆತ್ತಿದ ಅಕ್ಷರಗಳು. ಲಿಡಿಯಾ. ಅದರ ಕೆಳಗೆ: ಆರು ವಾರ.

ನಾನು ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ನನ್ನದೂ ಒಂದು ಹೆಣ್ಣು ಮಗು ಹೋಗಿದೆ. ಮೈಸೂರಿನಲ್ಲಿ, ನಾವು ಈ ದೇಶಕ್ಕೆ ಬರುವ ಮೊದಲು. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾಮಕರಣದ ದಿನದವರೆಗೆ ಉಳಿಯಲಿಲ್ಲ, ಹಾಗಾಗಿ ಹೆಸರಿಲ್ಲ. ಎಳೆ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ; ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ನಾನಿನ್ನೂ ಹೊಲಿಗೆ ಬಿಚ್ಚದೆ ಆಸ್ಪತ್ರೆಯ ಮಂಚದ ಮೇಲಿದ್ದೆ. ಶ್ರೀಧರ ಮತ್ತು ನನ್ನ ಭಾವ ಎತ್ತಿಕೊಂಡು ಹೋದರು, ಸಂಜೆ ತಲೆಗೆ ಸ್ನಾನ ಮಾಡಿ ಬಂದರು. ಎಲ್ಲಿ ಎಂದು ನಾನು ಕೇಳಲಿಲ್ಲ. "ಇನ್ನು ಅದರ ಮಾತೆತ್ತಬೇಡ, ಮುಂದಿನದಕ್ಕೆ ಒಳ್ಳೇದಲ್ಲ" ಎಂದರು ಅಮ್ಮ. ಎತ್ತಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎನ್ನುತ್ತಾರಲ್ಲ — ನಾನು ನಿಜವಾಗಿಯೂ ಹೊಲಿದಿದ್ದೆ, ತಿಳಿ ಹಳದಿ ಬಣ್ಣದ್ದು. ಅದು ಎಲ್ಲಿ ಹೋಯಿತು ಎಂದೂ ಕೇಳಲಿಲ್ಲ.

ಆ ಕಲ್ಲನ್ನು ಕಂಡಾಗ ನನಗೆ ಮೊದಲು ಆದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಈ ಮಗುವಿಗೆ ಹೆಸರಿದೆ. ಜಾಗವಿದೆ. ಯಾರೋ ಕುಳಿತು ಕೈನೋಯಿಸಿಕೊಂಡು ಕೆತ್ತಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ... ಹೇಗೆ ಹೇಳಲಿ... ಅದು ನನ್ನದಾಯಿತು. ಹೆಸರಿನ ಮುಖವನ್ನು ಮಣ್ಣಿಗೆ ಮಾಡಿ ಕಲ್ಲನ್ನು ಅದೇ ಜಾಗದಲ್ಲಿ ಮಲಗಿಸಿ, ಮೇಲೆ ತುಳಸಿ ಕುಂಡ ಇಟ್ಟೆ. ಬೆಳಿಗ್ಗೆ ನೀರು ಹಾಕುವಾಗ "ಎದ್ದೆಯಾ ಪುಟ್ಟಿ" ಎನ್ನುತ್ತಿದ್ದೆ. ಅಕ್ಟೋಬರಿನಲ್ಲಿ ಚಳಿಗೆ ಹೆದರಿ ತುಳಸಿ ಮನೆಯೊಳಗೆ ಬರುತ್ತದೆ. ಕಲ್ಲು ಹೊರಗೇ ಉಳಿಯುತ್ತದೆ. ಹಿಮ ಬಿದ್ದ ಬೆಳಿಗ್ಗೆ ನಾನು ಹೋಗಿ ಅದರ ಮೇಲಿನ ಹಿಮವನ್ನು ಕೈಯಿಂದ ಸರಿಸುತ್ತಿದ್ದೆ. "ಅಮ್ಮಾ, ವಾಟ್ ಆರ್ ಯು ಡೂಯಿಂಗ್? ಇಟ್ಸ್ ಫ್ರೀಜಿಂಗ್!" ಎಂದು ಮಗ ಬಾಗಿಲಿನಿಂದ ಕೂಗುತ್ತಿದ್ದ. "ಡ್ರೈವ್‌ವೇ ಬಿಟ್ಟು ತುಳಸಿಕಟ್ಟೆ ಕ್ಲೀನ್ ಮಾಡ್ತಾಳಪ್ಪ ನಿಮ್ಮಮ್ಮ" ಎಂದು ಇವರು ನಗುತ್ತಿದ್ದರು. ಯಾರಿಗೂ ಹೇಳಲಿಲ್ಲ.

ಆ ಮುದುಕಿ, ಡೊರೊಥಿ, ಬಂದದ್ದು ಏಳು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ. ಕೋಲೂರಿಕೊಂಡು, ಎದೆಗೆ ಒಂದು ಬಿಸ್ಕತ್ತಿನ ಡಬ್ಬಿ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬೀದಿಯ ಎಲ್ಲ ಮನೆಗಳಿಗೂ ಹೋಗುತ್ತಿದ್ದೇನೆ, ನಿಮ್ಮದು ಹದಿನಾಲ್ಕನೆಯದು ಎಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಹಿತ್ತಲಿನ ನೆರಳಿನಲ್ಲಿ ಕೂರಿಸಿ ಕಾಫಿ ಕೊಟ್ಟೆ. ಅವರು ಡಬ್ಬಿ ತೆರೆದರು. ಒಳಗೆ ಹಳೆಯ ಕಾಗದಗಳು, ನೂರೈವತ್ತು ವರ್ಷಕ್ಕೂ ಹಿಂದಿನವು.

ಈ ಹೊಲ ಅವರ ಅಜ್ಜಿಯ ಅಪ್ಪನದಂತೆ. ಏಬ್ನರ್ ಎಂದು ಹೆಸರು. ಆಲೂಗಡ್ಡೆ, ಪೀಚ್ ಬೆಳೆಯುತ್ತಿದ್ದ. ಈ ದೇಶದ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ನಡೆದಾಗ, ಬಸುರಿ ಹೆಂಡತಿಯನ್ನು ಬಿಟ್ಟು ಸೈನ್ಯಕ್ಕೆ ಸೇರಿದ. ಮಗಳು ಹುಟ್ಟಿದ ಸುದ್ದಿ ಅವನಿಗೆ ಶಿಬಿರದಲ್ಲಿ ತಲುಪಿತು. ಅವನು ಉತ್ತರ ಬರೆದ. ಡೊರೊಥಿ ಆ ಕಾಗದವನ್ನು ನೋಡದೆಯೇ ಓದಿದರು, ಬಾಯಿಪಾಠವಾಗಿತ್ತು: ಮಗುವಿನ ಕಣ್ಣು ಯಾರ ಹಾಗಿದೆ? ನಿನ್ನ ಹಾಗೆಯೋ, ನನ್ನ ಹಾಗೆಯೋ? ಬರೆಯಲು ಮರೆಯಬೇಡ. ಕಾಗದ ಮನೆಗೆ ಬರುವ ಹೊತ್ತಿಗೆ ಮಗು ಹೊಲದ ಪೇರ್ ಹಣ್ಣಿನ ಮರದ ಕೆಳಗೆ ಮಣ್ಣಾಗಿತ್ತು.

ಯುದ್ಧ ಮುಗಿದು ಏಬ್ನರ್ ಮನೆಗೆ ಬಂದ. ಮೊಣಕಾಲಿನಲ್ಲಿ ಗುಂಡು, ಬಲಗೈಯಲ್ಲಿ ಎರಡು ಬೆರಳಿಲ್ಲ. ಆ ಕೈಯಲ್ಲೇ ಕಲ್ಲು ಕೆತ್ತಿದ. ಆಮೇಲೆ ಐದು ಮಕ್ಕಳಾದರು, ಹೊಲ ದೊಡ್ಡದಾಯಿತು, ಯುದ್ಧದ ವಿಷಯ ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಉಳುವಾಗ ಮಾತ್ರ ಪೇರು ಮರದ ಹತ್ತಿರ ಕುದುರೆ ನಿಲ್ಲಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದನಂತೆ. ಮುದುಕನಾಗಿ ಹಾಸಿಗೆ ಹಿಡಿದಾಗ ಮಕ್ಕಳನ್ನು ಕೇಳಿಕೊಂಡದ್ದು ಒಂದೇ — ಚರ್ಚಿನ ಅಂಗಳದಲ್ಲಿ ನನ್ನನ್ನು ಮಲಗಿಸಿದ ಮೇಲೆ ಲಿಡಿಯಾಳನ್ನು ನನ್ನ ಪಕ್ಕಕ್ಕೆ ತನ್ನಿ. ಮಕ್ಕಳು ಆಗಲಿ ಎಂದರು. ಆಮೇಲೆ ಪಾಲಿನ ಜಗಳ. ಹೊಲ ಮಾರಿದರು, ಕೊಂಡವನು ಪೇರು ಮರ ಕಡಿದ, ನೇಗಿಲು ಹೊಡೆದ. ಕಲ್ಲು ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಐವರಲ್ಲಿ ಕಿರಿಯವಳು ಡೊರೊಥಿಯ ಅಜ್ಜಿ. ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಮಗಳಿಗೆ ದಾಟಿಸಿದಳು, ಆ ಮಗಳು ಡೊರೊಥಿಗೆ.

"ನನಗೆ ಕಲ್ಲು ಸಾಕು" ಎಂದರು ಡೊರೊಥಿ. "ಕಲ್ಲು, ಅದರ ಕೆಳಗಿನ ಒಂದು ಹಿಡಿ ಮಣ್ಣು. ಅಷ್ಟನ್ನು ಅವನ ಪಕ್ಕದಲ್ಲಿ ಇಟ್ಟರೆ ನನ್ನ ಕೆಲಸ ಮುಗಿಯಿತು. ನೀವು ತೋಟ ಮಾಡುತ್ತೀರಿ. ಅಗೆಯುವಾಗ ಏನಾದರೂ ಸಿಕ್ಕಿತ್ತೇ?"

ಏಳುವಾಗ ಆಸರೆಗೆಂದು ಅವರು ತುಳಸಿ ಕುಂಡದ ಅಂಚು ಹಿಡಿದಿದ್ದರು. ಬೆರಳು ಮೂಸಿ, ಬೇಸಿಲ್ ವಾಸನೆ ಎಂದು ನಕ್ಕರು.

"ನೋ," ಎಂದೆ ನಾನು. "ಐ ನೆವರ್ ಫೌಂಡ್ ಎನಿಥಿಂಗ್."

ಹಿತ್ತಲನ್ನು ದಾಖಲೆಯಲ್ಲಿ ಸ್ಮಶಾನ ಎಂದು ಬರೆಸಿಬಿಡುತ್ತಾರೆ, ಮನೆ ಮುಂದೆ ಮಾರಲು ಕಷ್ಟ ಎಂದು ಹೆದರಿ ಹೇಳಿದ್ದರೆ ಅದಕ್ಕೊಂದು ಲೆಕ್ಕವಿತ್ತು. ಅಂಥ ಭಯ ಒಂದು ಚೂರೂ ಇರಲಿಲ್ಲ. ಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ನೀರು ಹಾಕಲು, ಹಿಮ ಸರಿಸಲು, ಪುಟ್ಟಿ ಎನ್ನಲು ನನಗೊಂದು ಜಾಗ ಸಿಕ್ಕಿತ್ತು. ನನ್ನ ಮಗುವನ್ನು ನನ್ನನ್ನು ಕೇಳದೆ ಒಯ್ದರು; ಇದನ್ನು ನಾನು ಒಯ್ಯಗೊಡುವುದಿಲ್ಲ ಎಂಬ ಹಟ. ಮಗುವನ್ನು ಎಲ್ಲಿ ಹೂತಿದ್ದಾರೆಂದು ತಿಳಿಯದೆ ಬದುಕುವುದು ಏನು ಎಂದು ಆ ಹದಿನಾಲ್ಕು ಮನೆಗಳಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರನ್ನು ಹದಿನೈದನೆಯ ಮನೆಗೆ ಕಳಿಸಿದೆ.

ಹೊರಡುವಾಗ ಆ ಕಾಗದದ ಒಂದು ನಕಲನ್ನು ನನ್ನ ಕೈಗಿಟ್ಟರು. ಇಷ್ಟು ಗಮನವಿಟ್ಟು ಯಾರೂ ಕೇಳಲಿಲ್ಲ, ನಿಮಗೆ ಕೊಡಬೇಕೆನಿಸಿತು ಎಂದರು. ಆಮೇಲೆ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು. ನಡುಗುವ ಅಕ್ಷರದಲ್ಲಿ ಎರಡೇ ಸಾಲು — ಕಾಫಿ ಚೆನ್ನಾಗಿತ್ತು; ಸಲಿಕೆಗೆ ಏನಾದರೂ ತಾಗಿದರೆ ಫೋನ್ ಮಾಡಿ. ನಾನೂ ಕಾರ್ಡು ಕಳಿಸುತ್ತಿದ್ದೆ. ಹ್ಯಾಪಿ ಹಾಲಿಡೇಸ್ ಎಂದು. ನಾಚಿಕೆಯಿಲ್ಲದೆ.

ಕಳೆದ ವರ್ಷ ಕಾರ್ಡು ಬರಲಿಲ್ಲ. ಈ ಮಾರ್ಚಿನಲ್ಲಿ ಮೊಮ್ಮಗಳು ಕ್ಲೇರ್‌ಳ ಕಾಗದ ಬಂತು. ಅಜ್ಜಿ ಫೆಬ್ರವರಿಯಲ್ಲಿ ತೀರಿಕೊಂಡರು, ಅವರ ಕಾರ್ಡುಗಳ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು, ತಿಳಿಸುತ್ತಿದ್ದೇನೆ ಎಂದು. ಕೊನೆಯಲ್ಲಿ ಇನ್ನೊಂದು ಮಾತು: ಅಜ್ಜಿಯನ್ನು ಏಬ್ನರನ ಹತ್ತಿರವೇ ಮಲಗಿಸಿದೆವು. ಇಬ್ಬರ ನಡುವೆ ಸ್ವಲ್ಪ ಜಾಗ ಬಿಡಬೇಕೆಂದು ಮೊದಲೇ ಬರೆದಿಟ್ಟಿದ್ದರು, ಬಿಟ್ಟಿದ್ದೇವೆ.

ಹೊಲಿಗೆ ಯಂತ್ರದ ಮುಂದೆ ಅದೆಷ್ಟು ಹೊತ್ತು ಕುಳಿತಿದ್ದೆನೋ. ಮರುದಿನ ಭಾನುವಾರ, ಇವರು ಮನೆಯಲ್ಲೇ ಇದ್ದರು. "ರೀ, ಸ್ವಲ್ಪ ಹಿತ್ತಲಿಗೆ ಬನ್ನಿ" ಎಂದು ಕರೆದೆ. ಕುಂಡ ಇನ್ನೂ ಮನೆಯೊಳಗಿತ್ತು, ಕಲ್ಲು ಬರಿದಾಗಿ ಮಲಗಿತ್ತು. ಇಬ್ಬರೂ ಸೇರಿ ಮಗುಚಿದೆವು. ಅವರು ಪ್ಯಾಂಟಿನ ಜೇಬಿನಿಂದ ಕರವಸ್ತ್ರ ತೆಗೆದು ಅಕ್ಷರಗಳನ್ನು ಒರೆಸಿ ಓದಿದರು. ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಆಸ್ಪತ್ರೆಯಿಂದ ನಾವು ಹೋಗಿದ್ದು ಕೆರೆ ಹಿಂದಿನ ಜಾಗಕ್ಕೆ" ಎಂದರು, ಕಲ್ಲನ್ನೇ ನೋಡುತ್ತ. "ಗೇಟಿಂದ ಎಡಕ್ಕೆ, ಒಂದು ಹೊಂಗೆ ಮರ ಇದೆ. ನೀನು ಹೊಲಿದ ಕುಲಾವಿ ಹಾಕಿದ್ದೆ. ಗುರುತಿಗೆ ಒಂದು ಕಲ್ಲಿಟ್ಟಿದೀನಿ. ಊರಿಗೆ ಹೋದಾಗೆಲ್ಲ ಹೋಗಿ ಬರ್ತೀನಿ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲೇ ಇಲ್ಲವಲ್ಲೇ. ಕೇಳಿದ್ರೆ ಹೇಳೋಣ ಅಂತ ಕಾಯ್ತಿದ್ದೆ."

ಇಪ್ಪತ್ತಮೂರು ವರ್ಷ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳಿಕೊಂಡು ಬಂದವರಿಗೆ ನಾನು ಇಲ್ಲ ಎಂದೆ. ಆಗ ಏಬ್ನರನ ಕಾಗದ ನೆನಪಾಗಿ, ಕೊನೆಗೂ ಕೇಳಿದೆ. "ಕಣ್ಣು ಯಾರ ಹಾಗಿತ್ತು?"

ಅವರು ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟರು. "ನಾನು ನೋಡ್ಲಿಲ್ಲ ಕಣೇ. ಮುಚ್ಚಿತ್ತು" ಎಂದರು. ಇಬ್ಬರೂ ಅಳುತ್ತ ನಿಂತಿದ್ದೆವು. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ, ನೋಡದವರಂತೆ ಒಳಗೆ ಹೋದರು.

ಆಮೇಲೆ ಇವರೇ ಒಂದು ದಾರಿ ಹೇಳಿದರು. ನನ್ನ ಮೇಲಿನ ಪ್ರೀತಿಯಿಂದಲೇ. "ಈಗ ತಾನೆ ಅಗೆಯುವಾಗ ಸಿಕ್ತು ಅಂದ್ಬಿಡು. ಯಾರಿಗೆ ಗೊತ್ತಾಗತ್ತೆ? ಅವರಿಗೆ ಕಲ್ಲು ಸಿಗತ್ತೆ, ನಿನಗೂ ಒಳ್ಳೆ ಹೆಸರು." ನಿಜ, ಯಾರಿಗೂ ಗೊತ್ತಾಗುವುದಿಲ್ಲ. ಕ್ಲೇರ್ ನನ್ನನ್ನು ತಬ್ಬಿಕೊಳ್ಳುತ್ತಾಳೆ. ಇಷ್ಟು ವರ್ಷ ಆ ಮಗುವಿಗೆ ನೀರಾದರೂ ಹಾಕಿದೆನಲ್ಲ, ದೀಪವಾದರೂ ಹಚ್ಚಿದೆನಲ್ಲ ಎಂದು ನಾನೂ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಆ ನೀರು ನಾನು ಹಾಕಿದ್ದು ಲಿಡಿಯಾಳಿಗಲ್ಲ. ಡೊರೊಥಿ ಕೋಲೂರಿಕೊಂಡು ಹತ್ತಿದ ಹದಿನೈದನೆಯ ಮನೆಯ ಮೆಟ್ಟಿಲನ್ನು ಯಾವ ದೀಪವೂ ಅಳಿಸುವುದಿಲ್ಲ.

ಮರುದಿನ ಕ್ಲೇರ್‌ಗೆ ಫೋನ್ ಮಾಡಿ, ಕಲ್ಲು ನಮ್ಮ ಹಿತ್ತಲಿನಲ್ಲಿದೆ ಎಂದೆ. ಆ ಕಡೆ ಅಳುವುದು ಕೇಳಿಸಿತು. ಥ್ಯಾಂಕ್ ಯು, ಥ್ಯಾಂಕ್ ಯು ಎಂದಳು, ಎಷ್ಟು ಸಲವೋ. ಒಂದೊಂದು ಸಲಕ್ಕೂ ನಾನು ಕುಗ್ಗಿದೆ. ಅಜ್ಜಿ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರು ಎಂದಳು. ಆಮೇಲೆ, ಯಾರಾದರೂ ಕೇಳುವ ಮಾತನ್ನೇ ಕೇಳಿದಳು: ವೆನ್ ಡಿಡ್ ಯು ಫೈಂಡ್ ಇಟ್?

ಶನಿವಾರ ಬನ್ನಿ, ಎದುರಿಗೆ ಹೇಳುತ್ತೇನೆ ಎಂದೆ.

ಕಲ್ಲನ್ನು ತೊಳೆದು, ಹೊಸ ಹತ್ತಿ ಬಟ್ಟೆಯಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಅಲ್ಲಿನ ಮಣ್ಣು. ಹಿತ್ತಲಿನಲ್ಲಿ ಅದಿದ್ದ ಜಾಗ ಚೌಕಾಕಾರವಾಗಿ ಹುಲ್ಲಿಲ್ಲದೆ ಬರಿದಾಗಿದೆ. ಬೆಳಿಗ್ಗೆ ಚೊಂಬು ಹಿಡಿದು ಹೊರಗೆ ಹೋಗಿ, ಅಭ್ಯಾಸಬಲದಿಂದ ಅಲ್ಲೇ ನಿಲ್ಲುತ್ತೇನೆ. ಡಿಸೆಂಬರಿಗೆ ಮೈಸೂರಿಗೆ ಟಿಕೆಟ್ ಮಾಡಿಸಿದ್ದೇವೆ. ಆ ಹೊಂಗೆ ಮರದ ಹತ್ತಿರ ಹೋಗಲು ನನಗೆ ಯಾವ ಅರ್ಹತೆಯಿದೆಯೋ ತಿಳಿಯದು, ಹೋಗುತ್ತೇನೆ.

ಅದಕ್ಕೆ ಮೊದಲು ಶನಿವಾರವಿದೆ. ಕ್ಲೇರ್ ಮತ್ತೆ ಅದನ್ನೇ ಕೇಳುತ್ತಾಳೆ — ಯಾವಾಗ ಸಿಕ್ಕಿತು? ಉತ್ತರವನ್ನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿಕೊಂಡು ನೋಡಿದ್ದೇನೆ. ನಾಲಿಗೆ ತೊದಲುತ್ತದೆ. ತೊದಲಿದರೂ ಅದನ್ನೇ ಹೇಳುತ್ತೇನೆ, ಬೇರೆ ಒಂದು ಮಾತನ್ನೂ ಸೇರಿಸುವುದಿಲ್ಲ.

ನಿಮ್ಮ ಅಜ್ಜಿ ನನ್ನನ್ನು ಕೇಳುವುದಕ್ಕೆ ನಾಲ್ಕು ವರ್ಷ ಮೊದಲೇ.