ಕಪ್ಲಿಂಗ್ ಬಿಟ್ಟುಕೊಟ್ಟ ಕಾಲು

ನಾನು ಬಾವಿಕಟ್ಟೆಯ ಬಳಿ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದೆ. ಪಕ್ಕದ ಮನೆಯ ಗಿರಿಜಕ್ಕ ಏದುಸಿರು ಬಿಡುತ್ತಾ ಬಂದು, "ನಿಮ್ಮ ಸೆವ್ರಿನ್ ಬಾಯಿಯ ಕಾಲು ಗೂಡ್ಸ್ ಗಾಡಿಯಲ್ಲಿ ಸಿಕ್ಕಿಕೊಂಡಿದೆ, ಬೇಗ ಬನ್ನಿ" ಎಂದರು. ಕೈ ಕೂಡ ತೊಳೆಯದೆ ಓಡಿದೆ.

ಮುಂದೆ ಹೇಳುವ ಮೊದಲು ಒಂದು ಮಾತು. ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ನಂಬಿದವಳಲ್ಲ. ತಾನಾಗಿ ತೆರೆದ ಬಾಗಿಲು, ಸತ್ತವರು ಹೆಸರು ಹಿಡಿದು ಕರೆದದ್ದು, ಹೀಗೆ ನಮ್ಮ ಕಡೆ ಮನೆಗೊಂದು ಕತೆ ಇರುತ್ತದೆ. ನಾನು ದಿನವೂ ಜಪಮಾಲೆ ಹೇಳುವವಳು, ಆದಿತ್ಯವಾರದ ಪೂಜೆ ತಪ್ಪಿಸದವಳು. ದೇವರು ದೊಡ್ಡ ಚಮತ್ಕಾರಗಳನ್ನು ನಮ್ಮಂಥವರ ಮನೆಗೆ ಕಳುಹಿಸುವುದಿಲ್ಲ, ಸಣ್ಣ ಉಪಕಾರಗಳನ್ನು ಕಳುಹಿಸುತ್ತಾನೆ ಎಂದು ತಿಳಿದಿದ್ದೆ. ನೆಂಟರು ಎದ್ದುಹೋದ ಮೇಲೆ ಗ್ಯಾಸ್ ಮುಗಿಯುವುದು, ಬಟ್ಟೆ ಒಣಗಿದ ಮೇಲೆ ಮಳೆ ಬರುವುದು. ಅಂಥವನ್ನು ಎಣಿಸಿಕೊಂಡು ಮಲಗುವುದು ನನ್ನ ಅಭ್ಯಾಸ. ಈಗಲೂ ಎಣಿಸುತ್ತೇನೆ. ಆ ದಿನದ್ದೊಂದನ್ನು ಮಾತ್ರ ಯಾವ ಕಡೆಗೆ ಸೇರಿಸಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಸೆವ್ರಿನ್ ಬಾಯಿ ನನ್ನ ಗಂಡನ ಅಕ್ಕ, ಮದುವೆಯಾಗದೆ ಮನೆಯಲ್ಲೇ ಉಳಿದವರು. ಗಂಡ ಮಸ್ಕತ್ತಿನಲ್ಲಿದ್ದ ಕಾರಣ ಮನೆಯಲ್ಲಿ ನಾವಿಬ್ಬರೇ. ಅಂಗಳದ ಮಲ್ಲಿಗೆ ಗಿಡಗಳು ಅವರವು, ಮನೆಯಲ್ಲಿ ನಡೆಯುವ ಮಾತೂ ಅವರದೇ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ, "ಕಾಪುವಿನವಳಲ್ವಾ, ಸಮುದ್ರವನ್ನೇ ಕಟ್ಟಿಕೊಂಡು ಬಂದಿದ್ದಾಳೆ" ಎನ್ನುವರು.

ನಮ್ಮ ಶಂಕರಪುರದ ಕಡೆ ಮಲ್ಲಿಗೆ ಎಂದರೆ ಅವಸರ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ವ್ಯಾನು ಹೊರಡುವ ಮೊದಲು ರೈಲು ಹಳಿಯ ಆಚೆಗೆ ಮುಟ್ಟಿಸಬೇಕು. ವ್ಯಾನು ಹೋದರೆ ಆ ದಿನದ ಕೆಲಸವೆಲ್ಲ ನೀರಿಗೆ ಹಾಕಿದ ಹಾಗೆ. ಸ್ಟೇಷನ್ನಿನ ಬದಿಯ ಹಳಿಯಲ್ಲಿ ಗೂಡ್ಸ್ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಮೇಲ್ಸೇತುವೆ ದೂರ. ಹಾಗಾಗಿ ಹೆಂಗಸರು ಹೂವಿನ ಬುಟ್ಟಿಯನ್ನು ಆಚೆ ನಿಂತವರ ಕೈಗೆ ದಾಟಿಸಿ, ಎರಡು ವ್ಯಾಗನ್‌ಗಳ ನಡುವಿನ ಕಪ್ಲಿಂಗ್ ಮೇಲೆ ಕಾಲಿಟ್ಟು ಹತ್ತಿ ಇಳಿಯುತ್ತಿದ್ದರು.

ಕಪ್ಲಿಂಗ್ ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ. ಎರಡು ಕಬ್ಬಿಣದ ಮುಷ್ಟಿಗಳು ಬೆರಳಿಗೆ ಬೆರಳು ಸಿಕ್ಕಿಸಿಕೊಂಡ ಹಾಗೆ ಅದು ಇರುತ್ತದೆ. ಪ್ರತಿ ಮುಷ್ಟಿಯ ಹಿಂದೆ, ಅದಕ್ಕೂ ವ್ಯಾಗನಿನ ತೊಲೆಗೂ ನಡುವೆ ಒಂದು ಸಂದು. ಗಾಡಿ ಎಳೆದಾಗ ಆ ಸಂದು ಹಿಗ್ಗುತ್ತದೆ, ತಳ್ಳಿದಾಗ ಕುಗ್ಗುತ್ತದೆ. ಇದನ್ನು ನಮಗೆ ಹೇಳಿದವನು ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಸುಧಾಕರ. ಅಜೆಕಾರಿನವನು, ನನಗಿಂತ ಚಿಕ್ಕವನು. ಗಾಡಿಗೆ ಎಂಜಿನ್ ಜೋಡಿಸುವುದು, ಬಿಚ್ಚುವುದು ಅವನ ಕೆಲಸ. ದಿನಾ ಬೈಯುತ್ತಿದ್ದ. "ಬಾಯಮ್ಮ, ನೀವು ಹೂ ಮಾರ್ಲಿಕ್ಕೆ ಹೋಗುವುದಾ, ಮೈಮೇಲೆ ಹೂ ಹಾಕಿಸಿಕೊಳ್ಳಲಿಕ್ಕೆ ಹೋಗುವುದಾ?" ಎಂದು ಕೇಳುವನು. ಸೆವ್ರಿನ್ ಬಾಯಿ ಬಿಡುವವರಲ್ಲ. "ನಿನ್ನ ಮದುವೆಗೆ ಹೂ ಕಟ್ಟಿಕೊಟ್ಟವಳು ನಾನು, ನನಗೆ ಬುದ್ಧಿ ಹೇಳ್ಬೇಡ ಮಾರಾಯ" ಎನ್ನುವರು.

ಆ ದಿನ ಗಾಡಿಯ ಎಂಜಿನನ್ನು ಬಿಚ್ಚಿ, ಎಲ್ಲೋ ಕೆಟ್ಟು ನಿಂತ ರೈಲನ್ನು ಎಳೆಯಲು ಕಳುಹಿಸುತ್ತಿದ್ದರು. ಎಂಜಿನ್ ಬಿಚ್ಚುವುದನ್ನು ಕಂಡು, ಇನ್ನು ಗಾಡಿ ಅಲ್ಲಾಡುವ ಭಯವಿಲ್ಲ ಎಂದು ಸೆವ್ರಿನ್ ಬಾಯಿ ಹತ್ತಿದ್ದಾರೆ. ಆದರೆ ಬಿಚ್ಚುವ ಮೊದಲು ಎಂಜಿನ್ ಒಮ್ಮೆ ಸ್ವಲ್ಪ ಹಿಂದಕ್ಕೆ ತಳ್ಳುತ್ತದಂತೆ. ಆ ತಳ್ಳು ಒಂದೊಂದೇ ವ್ಯಾಗನ್ ದಾಟಿ ಇವರ ಬಳಿಗೆ ಬಂದಾಗ ಎಡ ಪಾದ ಸಂದಿನೊಳಗಿತ್ತು. ಕೂಗು ಕೇಳಿ ಸುಧಾಕರ ಓಡಿ ಬರುವಷ್ಟರಲ್ಲಿ ಎಂಜಿನ್ ಹೋಗಿಯಾಗಿತ್ತು.

ದಾರಿಯಲ್ಲಿ ಗಿರಿಜಕ್ಕ ಇನ್ನೊಂದು ಮಾತು ಹೇಳಿದರು. "ಅವರ ಹೂವನ್ನೂ ಕೊಟ್ಟೇ ಬಂದೆ. ವ್ಯಾನು ಹೊರಡುವುದರಲ್ಲಿತ್ತು." ಅಂದರೆ ಮೊದಲು ವ್ಯಾನಿಗೆ ಹೋಗಿ, ಆಮೇಲೆ ನಮ್ಮ ಮನೆಗೆ ಬಂದಿದ್ದರು.

ಸೆವ್ರಿನ್ ಬಾಯಿ ವ್ಯಾಗನಿನ ಸರಳು ಹಿಡಿದುಕೊಂಡು ಒಂದೇ ಕಾಲಿನ ಮೇಲೆ ನಿಂತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಹೂ ಮುಟ್ಟಿತಾ?"

"ಮುಟ್ಟಿತು."

"ನಿನ್ನ ಕೈ ಮೀನು ನಾರ್ತಾ ಉಂಟು. ನನ್ನನ್ನು ಮುಟ್ಬೇಡ."

ಮುಟ್ಟದೆ ಹೇಗೆ? ಸೊಂಟ ಬಳಸಿ ಹಿಡಿದು ನಿಂತೆ. ಪಾದ ಪೂರ್ತಿ ಜಜ್ಜಿರಲಿಲ್ಲ, ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದಿತ್ತು. ಅದೊಂದು ಉಪಕಾರ ಎಂದುಕೊಂಡೆ. ಮೋಡವಿತ್ತು, ಬಿಸಿಲಿರಲಿಲ್ಲ. ಅದೂ ಒಂದು. ಸ್ಟೇಷನ್ ಮಾಸ್ಟರು ಬಂದು, ಬೇರೆ ಎಂಜಿನ್ ಬಂದು ಎಳೆಯದೆ ಉಪಾಯವಿಲ್ಲ, ಗಂಟೆ ಮೇಲೆ ಆದೀತು ಎಂದರು. ಸುತ್ತ ಜನ ಸೇರಿದರು. ಒಬ್ಬ ಮೊಬೈಲ್ ಎತ್ತಿ ಹಿಡಿದು, "ಬಾಯಮ್ಮ, ಸ್ವಲ್ಪ ಈ ಕಡೆ ತಿರುಗಿ" ಎಂದ. ಇನ್ನೊಬ್ಬ ಅವರಿಗೆ ಕೇಳುವ ಹಾಗೆಯೇ, "ಎಂಜಿನ್ ಎಂತಕ್ಕೆ? ಕಾಲು ಕಡಿದರೆ ಬೇಗ ಆಗ್ತದೆ" ಎಂದ. ಕೆಲವರು ನಕ್ಕರು.

ಸುಧಾಕರ ಒಬ್ಬ ಮಾತ್ರ ಕೆಲಸದಲ್ಲಿದ್ದ. ವ್ಯಾಗನ್ ಒಂದಿಷ್ಟೂ ಅಲ್ಲಾಡಿ ಕಾಲು ಇನ್ನೂ ಬಿಗಿಯಬಾರದೆಂದು ಅದರ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಬೆಣೆ ಬಡಿದಿದ್ದ. ನೀರು ತಂದುಕೊಟ್ಟ. ಅವನ ಮುಖ ಬಿಳಿಚಿತ್ತು.

ಹೊತ್ತು ಹೋದಂತೆ ಸೆವ್ರಿನ್ ಬಾಯಿಯ ನೋವು ಏರಿತು. ಮೊದಲು ನಮೋ ಮರಿಯಾ ಹೇಳಿದರು. ಆಮೇಲೆ ಹರಕೆ ಹೊತ್ತರು, ಮೇಣದ ಬತ್ತಿ, ಚಿನ್ನದ ಕಾಲು. ಆಮೇಲೆ ನನಗೆ ಬೈದರು. ಕೊನೆಗೆ ತಲೆ ಮೇಲೆತ್ತಿ, ನಾನು ಯಾವತ್ತೂ ಕೇಳದ ದನಿಯಲ್ಲಿ ಕೊಂಕಣಿಯಲ್ಲಿ ಕೂಗಿದರು. ಅದರ ಅರ್ಥ ಇಷ್ಟು: "ಮರಿಯಾ ಮಾತೆ, ನನ್ನದನ್ನು ಬಿಡು. ಬೇಕಾದರೆ ಬೇರೆ ಯಾರದ್ದಾದರೂ ಹಿಡಿದುಕೋ."

ಅಲ್ಲಿ ಕೊಂಕಣಿ ತಿಳಿದವಳು ನಾನೊಬ್ಬಳೇ. ಸುಧಾಕರ ನನ್ನ ಮುಖ ನೋಡಿದ. "ಎಂತ ಹೇಳ್ತಾರೆ ಬಾಯಮ್ಮ?"

"ಪ್ರಾರ್ಥನೆ" ಎಂದೆ.

"ಹಾಗಾದ್ರೆ ನನ್ನ ಹೆಸರಲ್ಲೂ ಒಂದು ಹೇಳ್ಲಿ" ಎಂದು ಸ್ವಲ್ಪ ನಕ್ಕ. "ಈ ವ್ಯಾಗನಿನ ಆ ತುದಿಯಲ್ಲಿ ಎಷ್ಟು ಸಂದು ಉಂಟು ನೋಡಿ ಬರ್ತೇನೆ. ಎಂಜಿನ್ ಬಂದಾಗ ಯಾವ ಕಡೆ ಎಳೀಬೇಕು ಹೇಳ್ಲಿಕ್ಕೆ ಆಗ್ತದೆ."

ಅವನು ಹೋದ. ನಾನು ನಾಲ್ಕೈದು ಉಸಿರು ಎಳೆದಿರಬಹುದು. ಟಣ್ ಎಂದು ಒಂದೇ ಒಂದು ಸದ್ದು. ಹಿಂದೆ ಮುಂದೆ ಬೇರೆ ಯಾವ ಸದ್ದೂ ಇಲ್ಲ. ನನ್ನ ಕಣ್ಣೆದುರೇ ಆ ಸಂದು ತೆರೆದುಕೊಂಡಿತು. ನಿಧಾನವಾಗಿ, ಮಲಗಿದವರು ಕೈ ಸಡಿಲಿಸುವ ಹಾಗೆ. ಸೆವ್ರಿನ್ ಬಾಯಿ ನನ್ನ ಮೇಲೆ ಕುಸಿದರು. ದೇವರೇ ನಿನಗೆ ಸ್ತೋತ್ರ ಎಂದೆ. ಆ ಮಾತು ನನ್ನ ಬಾಯಲ್ಲಿರುವಾಗಲೇ ವ್ಯಾಗನಿನ ಆ ತುದಿಯಿಂದ "ಅಪ್ಪೇ" ಎಂಬ ಕೂಗು ಬಂತು.

ಸಂದು ಅಳೆಯಲು ಒಳಗೆ ಹಾಕಿದ್ದ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ಕಬ್ಬಿಣ ಹಿಡಿದಿತ್ತು. ಇಲ್ಲಿ ಎಷ್ಟು ತೆರೆದಿತ್ತೋ ಅಲ್ಲಿ ಅಷ್ಟು ಮುಚ್ಚಿತ್ತು. ವ್ಯಾಗನ್ ಆ ಕಡೆಗೆ ಸರಿದಿರಬೇಕು ಎನ್ನುತ್ತೀರಿ. ನಾನೂ ಹಾಗೆಂದುಕೊಂಡು ಬಗ್ಗಿ ನೋಡಿದೆ. ಬೆಣೆಗಳು ಬಡಿದ ಜಾಗದಲ್ಲೇ ಇದ್ದವು. ಚಕ್ರಕ್ಕೂ ಬೆಣೆಗೂ ಕೂದಲೆಳೆಯ ಅಂತರವಿರಲಿಲ್ಲ, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಅಷ್ಟು ನೋವಿನಲ್ಲೂ ಅವನು, "ಬಾಯಮ್ಮನ ಕಾಲು ಬಂತಾ?" ಎಂದು ಕೇಳಿದ. ಬಂತು ಎಂದೆ. ಅಷ್ಟರಲ್ಲಿ ಈಚೆಯಿಂದ ಸೆವ್ರಿನ್ ಬಾಯಿ, "ಅಲ್ಲಿ ಎಂತ ನೋಡ್ತಿ? ನನ್ನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದು ಕೂಗಿದರು. ರಿಕ್ಷಾ ಸಿಕ್ಕಿತು, ಹೋದೆವು. ಎಂಜಿನ್ ಬರುವವರೆಗೆ ಸುಧಾಕರ ಹಾಗೆಯೇ ನಿಂತಿದ್ದನಂತೆ. ಅವನಿಗಾಗಿ ಯಾವುದೂ ತೆರೆಯಲಿಲ್ಲ. ಮಣಿಪಾಲದಲ್ಲಿ ಕೈ ತೆಗೆಯಬೇಕಾಯಿತು.

ಸೆವ್ರಿನ್ ಬಾಯಿಯ ಪಾದದಲ್ಲಿ ಎಲುಬು ಬಿರಿದಿತ್ತು, ಅಷ್ಟೇ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದರು. "ಕರೆದೆ, ಮಾತೆ ಕೇಳಿದರು. ನಂಬಿಕೆ ಬೇಕು." ನಾನು ಒಮ್ಮೆ ಕೇಳಿದೆ, ಕೊನೆಗೆ ಹೇಳಿದ ಮಾತು ನೆನಪುಂಟಾ ಎಂದು. "ನಮೋ ಮರಿಯಾ ಹೇಳಿದೆ. ಮತ್ತೆಂತ?" ಎಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ.

ವಿಚಾರಣೆಗೆ ಬಂದ ರೈಲ್ವೆಯವರೊಬ್ಬರು, ಕಪ್ಲಿಂಗಿನ ಒಳಗೆ ಸ್ಪ್ರಿಂಗಿನಂಥದ್ದು ಒತ್ತಿಕೊಂಡಿರುತ್ತದೆ, ಬಿಟ್ಟುಕೊಂಡಿರಬಹುದು ಎಂದರು. ಅಷ್ಟು ಹೊತ್ತು ಬಿಡದ್ದು ಆಗಲೇ ಯಾಕೆ ಬಿಟ್ಟಿತು ಎಂದು ಕೇಳಿದರೆ, ಕಾಗದದ ಮೇಲೆ ನನ್ನ ಸಹಿ ಹಾಕಿಸಿಕೊಂಡು ಎದ್ದರು. ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಎಲ್ಲ ಹೇಳಿದೆ. ಮಾತೆ ಅಂಥ ಪ್ರಾರ್ಥನೆಯನ್ನು ಕೇಳುವವರಲ್ಲ ಎಂದರು. ಹಾಗಾದರೆ ಕೇಳಿದ್ದು ಯಾರು ಎಂದು ನಾನು ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಸಂಜೆ ಸುಧಾಕರನ ಹೆಂಡತಿ ನಮ್ಮ ಮನೆಗೆ ಬಂದಳು. ಜಗಲಿಯ ಅಂಚಿನಲ್ಲಿ ಕೂತಳು. ಅವನಿಗೆ ಇಲ್ಲದ ಬೆರಳುಗಳು ನೋಯುತ್ತವಂತೆ. ಕೈ ಹೋಗಿಲ್ಲ, ಅಲ್ಲೇ ಉಂಟು, ಹಿಡಿದುಕೊಂಡವರು ಇನ್ನೂ ಬಿಟ್ಟಿಲ್ಲ ಎನ್ನುತ್ತಾನಂತೆ. ಅವಳು ಸೆರಗಿನ ತುದಿ ಸುತ್ತುತ್ತಾ ಕೇಳಿದಳು.

"ಬಾಯಮ್ಮ ಆ ದಿನ ಒಂದು ಪ್ರಾರ್ಥನೆ ಹೇಳಿದ್ರಂತೆ. ಹೇಳಿದ ಕೂಡ್ಲೇ ಬಿಟ್ಟಿತಂತೆ. ನಮ್ಮಂಥವರು ಹೇಳ್ಬಹುದಾದ್ರೆ ಅದನ್ನು ನನಗೂ ಕಲಿಸ್ತೀರಾ?"

ಒಳಗಿನ ಮಂಚದಿಂದ ಸೆವ್ರಿನ್ ಬಾಯಿ, "ಕಲಿಸು, ಪಾಪ. ಯಾರು ಹೇಳಿದ್ರೂ ಫಲ ಉಂಟು" ಎಂದರು.

ನಾನು ನಮೋ ಮರಿಯಾ ಕಲಿಸಿದೆ. ಕನ್ನಡದಲ್ಲಿ, ಒಂದೊಂದೇ ಸಾಲು. ಅವಳು ಜಾಣೆ, ಬೇಗ ಕಲಿತಳು. "ಇಷ್ಟೇಯಾ?" ಎಂದು ಎರಡು ಸಲ ಕೇಳಿದಳು. ಇಷ್ಟೇ ಎಂದೆ. ತಪ್ಪಬಾರದೆಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಗೇಟು ದಾಟಿ ಹೋದಳು. ಅವನ ನೋವು ಇಂದಿಗೂ ನಿಂತಿಲ್ಲ ಎಂದು ಕೇಳಿದ್ದೇನೆ. ಅವಳು ಅದನ್ನು ಇಂದಿಗೂ ಹೇಳುತ್ತಾಳಂತೆ.

ನಾನು ಒಳಗೆ ಹೋಗಿ ಮರುದಿನದ ದೋಸೆಗೆ ಅಕ್ಕಿ ನೆನೆಹಾಕಿದೆ.