ಪೂಜೆಯ ಸಿಲಿಂಡರ್

"ಐತಲ್ರಿ, ಇರ್ಲಿ ಬಿಡ್ರಿ." ಮುಂಡರಗಿಯ ನಮ್ಮ ಗ್ರಂಥಾಲಯದ ಗ್ರಂಥಪಾಲಕರು ಏನು ಕೇಳಿದರೂ ಹೀಗೇ ಅನ್ನುತ್ತಿದ್ದರು.

ಬಾಗಿಲ ಬಳಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುತ್ತಿತ್ತು. ದಿನಾ ಅದನ್ನು ತಮ್ಮ ಕರವಸ್ತ್ರದಿಂದಲೇ ಒರೆಸುವರು. ಆಯುಧಪೂಜೆಗೆ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಹಿಡಿಕೆಗೂ ಪಿನ್ನಿಗೂ ಸೇರಿಸಿ ಅರಿಸಿನದ ದಾರ ಸುತ್ತುವರು. ಹಳೆಯ ದಾರ ತೆಗೆಯುವುದು ಅಪಶಕುನವಂತೆ. ಅದರ ಮೇಲೆಯೇ ಹೊಸದು.

"ಒಮ್ಮಿ ಚಾಲೂ ಮಾಡಿ ನೋಡೂಣೇನ್ರಿ ಸರ್?" ಎಂದು ನಾನೇ ಕೇಳಿದ್ದೆ.

"ಐತಲ್ರಿ, ಇರ್ಲಿ ಬಿಡ್ರಿ."

ಬೆಳ್ಳಟ್ಟಿಯ ಹಿರಿಯ ಕಲಾವಿದರೊಬ್ಬರು ತಮ್ಮ ಮನೆಯಲ್ಲಿ ಗೆದ್ದಲೆಂದು, ಬಯಲಾಟದ ಕೈಬರಹದ ಪ್ರತಿಗಳನ್ನೆಲ್ಲ ಇಲ್ಲಿಗೆ ತಂದುಕೊಟ್ಟಿದ್ದರು. ಒಂದು ಮಧ್ಯಾಹ್ನ ಆ ಪ್ರತಿಗಳಿದ್ದ ಕಪಾಟಿನ ಮೇಲಿನ ವೈರು ಹೊತ್ತಿಕೊಂಡಿತು. ನಾನು ಸಿಲಿಂಡರ್ ಇಳಿಸಿ, ಚಾಲೂ ಮಾಡಲು ಪಿನ್ನು ಎಳೆದೆ. ಎಣ್ಣೆ, ಕುಂಕುಮ ಕುಡಿದು ಗಟ್ಟಿಯಾದ ದಾರ ಜಗ್ಗಲಿಲ್ಲ. ಮೇಜಿನ ಮೇಲಿನ ಕತ್ತರಿಗೆ ಕೈ ಹಾಕಿದೆ. ಗ್ರಂಥಪಾಲಕರು ಅಡ್ಡ ಬಂದರು.

"ಪೂಜಿ ದಾರ ಕತ್ತರಿಸಬ್ಯಾಡ್ರಿ! ತಡೀರಿ, ಗಂಟು ಬಿಚ್ಚತೀನಿ!"

ಅವರು ಬಿಚ್ಚುತ್ತಲೇ ಇದ್ದರು. ಕಪಾಟು ಉರಿದು ಮುಗಿಯಿತು.

ಮುಂದಿನ ಮಹಾನವಮಿಯ ಹೊತ್ತಿಗೆ ಹೊಸ ಸಿಲಿಂಡರ್ ಬಂದಿತ್ತು. ನಾನು ಹೋದಾಗ ಅದರ ಪಿನ್ನಿಗೆ ಬಿಗಿಯಾಗಿ ದಾರ ಸುತ್ತುತ್ತಿದ್ದರು.

"ಹಳೇದಕ್ಕ ಪೂಜಿ ಕಡಿಮಿ ಬಿದ್ದಿತ್ರಿ," ಎಂದು ನನ್ನ ಕೈಗೆ ಪ್ರಸಾದ ಇಟ್ಟರು.